ಏಸಾವನ ಅಧ್ಯಾಯ

ಕೆಂಪಿಗೆ ಓದು ಬರುತ್ತಿರಲಿಲ್ಲ. ಆದರೆ ಅಬ್ರಹಾಮನಿಂದ ಹಿಡಿದು ಯಾಕೋಬನ ಹನ್ನೆರಡು ಗಂಡುಮಕ್ಕಳವರೆಗೆ ಒಂದು ಹೆಸರೂ ತಪ್ಪದೆ ಹೇಳಬಲ್ಲವಳಾಗಿದ್ದಳು. ನೂಲ್ಪುಳದ ಕಾಡಂಚಿನ ಹಾಡಿಯ ಈ ವಿಧವೆ ಆರು ವರ್ಷ ಏಲಿಯಮ್ಮನ ಅಂಗಳದಲ್ಲಿ ಮೆಣಸು ಬಿಡಿಸಿದವಳು. ತಿರುವಾಂಕೂರಿನಿಂದ ಬಂದು ನೆಲೆಸಿದ್ದ ಆ ಮುದುಕಿ ಮಧ್ಯಾಹ್ನ ಜಗಲಿಯಲ್ಲಿ ಕೂತು ಬೈಬಲನ್ನು ಗಟ್ಟಿಯಾಗಿ ಓದುವಳು. ಒಂದು ಸಾಲನ್ನೂ ಹಾರಿಸುವವಳಲ್ಲ. ಹೆಸರುಗಳ ಪಟ್ಟಿ ಬಂದಾಗ ಕೆಂಪಿಯ ಕೈ ನಿಧಾನವಾಗುತ್ತಿತ್ತು.

"ಇಷ್ಟೊಂದು ಹೆಸ್ರು ಯಾಕೆ ಅಮ್ಮಚ್ಚೀ?"

"ಎಡೀ, ದೇವರು ಅಬ್ರಹಾಮನಿಗೆ ಒಂದು ಮಾತು ಕೊಟ್ಟ. ಅದು ಯಾರಿಂದ ಯಾರಿಗೆ ಬಂತು ಅಂತ ತಿಳೀಬೇಡ್ವಾ?"

"ವಯಲಿಗೆ ನೀರು ಬಿಟ್ಟ ಹಂಗೆ, ಒಂದು ಗದ್ದೆಯಿಂದ ಇನ್ನೊಂದಕ್ಕೆ," ಎಂದಳು ಕೆಂಪಿ. ಅವಳು ತನ್ನ ದೈವಗಳನ್ನು ಬಿಡಲಿಲ್ಲ. ಬಿಡು ಎಂದು ಏಲಿಯಮ್ಮ ಹೇಳಲೂ ಇಲ್ಲ.

ಕೆಂಪಿಗೆ ಇಬ್ಬರು ಗಂಡುಮಕ್ಕಳು. ಪುಲ್ಪಳ್ಳಿ ಠಾಣೆಯ ಮೇಲೆ ನಕ್ಸಲರ ದಾಳಿಯಾದ ಮೇಲೆ, ಅವರಿಗೆ ಕಾಡಿನ ದಾರಿ ತೋರಿಸಿದನೆಂದು ಹಿರಿಯವ ಬೈರನನ್ನು ಪೊಲೀಸರು ಹಿಡಿದುಕೊಂಡು ಹೋದರು. ಕಿರಿಯವ ಚಾತಿ ಅರ್ಧ ಎಕರೆ ಗದ್ದೆ ಮಾಡುತ್ತಿದ್ದ. ಆ ನೆಲಕ್ಕೆ ಪಟ್ಟಯ, ಅಂದರೆ ಹಕ್ಕುಪತ್ರ, ಇರಲಿಲ್ಲ. ಸರ್ಕಾರದವರು ಯಾವ ದಿನ ಬೇಕಾದರೂ ಎಬ್ಬಿಸಬಹುದಿತ್ತು.

ಎಪ್ಪತ್ತೊಂದನೇ ಇಸವಿಯಲ್ಲಿ ಪಟ್ಟಯದ ಅರ್ಜಿ ಬರೆದುಕೊಳ್ಳಲು ತಾಲೂಕು ಕಚೇರಿಯ ಗುಮಾಸ್ತ ದಾಮೋದರನ್ ಹಾಡಿಗೆ ಬಂದ.

"ಗಂಡುಮಕ್ಕಳು?"

"ಇಬ್ರು ಸಾರ್. ಬೈರ, ಚಾತಿ."

ಅವನ ಪೆನ್ನು ನಿಂತಿತು. "ಜೈಲಲ್ಲಿರೋ ಬೈರನಾ? ಆ ಹೆಸರು ಕಂಡ್ರೆ ಮೇಲಿನವ್ರು ಫೈಲು ಮುಚ್ಚಿಡ್ತಾರೆ. ಒಬ್ಬನೇ ಮಗ ಅಂತ ಬರೀತೀನಿ, ಓಣಂ ಒಳಗೆ ಪಟ್ಟಯ ಸಿಗುತ್ತೆ. ಯೋಚ್ನೆ ಮಾಡಿ ನಾಳೆ ಹೇಳು."

ಚಾತಿ ತಾಯಿಯ ಮುಖ ನೋಡಿದ. ಅವಳು ಎದ್ದು ಏಲಿಯಮ್ಮನ ಮನೆಗೆ ಹೋದಳು.

"ಬರೆಸಿಬಿಡು," ಎಂದಳು ಏಲಿಯಮ್ಮ. "ದೇವರು ಆರಿಸಿದ್ದೂ ಕಿರಿಯವನನ್ನೇ. ಅಣ್ಣ ಏಸಾವನಿಗೆ ಸಲ್ಲಬೇಕಿದ್ದ ಆಶೀರ್ವಾದ ಯಾಕೋಬನಿಗೆ ಕೊಡಿಸೋಕೆ ತಾಯಿ ರೆಬೆಕ್ಕಳೇ ಮುಂದೆ ನಿಂತು ಗಂಡನ ಕಣ್ಣು ಕಟ್ಟಿದ್ಲು."

"ಆಮೇಲೆ ಯಾಕೋಬ ಊರು ಬಿಟ್ನಲ್ಲ. ಅವ್ನನ್ನ ಅವ್ಳು ಮತ್ತೆ ನೋಡಿದ್ಲಾ?"

ಏಲಿಯಮ್ಮ ಪುಟ ತಿರುವಿದಳು. "ನೋಡಿದ್ಲು ಅಂತ ಎಲ್ಲೂ ಬರೆದಿಲ್ಲ."

"ಅಣ್ಣ ಏಸಾವಂದು ಒಂದಿನ ಉದ್ದಕ್ಕೆ ಓದಿದ್ರಲ್ಲ, ಅದನ್ನ ತೆಗೀರಿ."

ಬೈಬಲಿನ ಮೊದಲ ಪುಸ್ತಕದ ಮೂವತ್ತಾರನೇ ಅಧ್ಯಾಯ. ಏಸಾವನ ಹೆಂಡಿರು, ಮಕ್ಕಳು, ಮೊಮ್ಮಕ್ಕಳು, ಆ ಸೀಮೆಯ ಒಡೆಯರು: ನಲವತ್ತಮೂರು ವಚನ. ಏಲಿಯಮ್ಮ ಕೊನೆವರೆಗೂ ಓದಿದಳು.

"ಮಾತು ಯಾಕೋಬನ ಕಡೆ ಹರೀತು, ಸರಿ. ಅದು ದೇವ್ರ ಕೆಲ್ಸ," ಎಂದಳು ಕೆಂಪಿ. "ಹಂಗಂತ ಏಸಾವನ ಹೆಸ್ರು ಹೊಡೆದುಹಾಕ್ಲಿಲ್ಲ ಅಲ್ವಾ? ನಾನ್ಯಾರು ಹೊಡೆಯೋಕೆ?"

"ಪಾದ್ರಿ ಎದುರಿಗೆ ಇದನ್ನ ಹೇಳ್ಬೇಡ್ವೇ, ನಿನ್ನನ್ನೇ ಚರ್ಚಲ್ಲಿ ಉಪದೇಶಕ್ಕೆ ನಿಲ್ಲಿಸ್ತಾರೆ!"

ಮರುದಿನ ಇಬ್ಬರ ಹೆಸರೂ ಬರೆಯಿಸಿದಳು, ಹಿರಿಯವನದು ಮೊದಲು. ದಾಮೋದರನ್ ಹೇಳಿದ ಹಾಗೆಯೇ ಆಯಿತು. ಓಣಂ ಬಂತು, ಪಟ್ಟಯ ಬರಲಿಲ್ಲ. ಎರಡು ಬೆಳೆ ಕಳೆಯುವವರೆಗೂ ಚಾತಿ ತಾಯಿಯೊಂದಿಗೆ ನೆಟ್ಟಗೆ ಮಾತಾಡಲಿಲ್ಲ.

ಎಪ್ಪತ್ತನಾಲ್ಕರ ನಾಟಿಯ ಹೊತ್ತಿಗೆ ಬೈರ ಜೈಲಿನಿಂದ ಬಂದ, ಬಡಕಲಾಗಿದ್ದ. ಬದುವಿನ ಮೇಲೆ ನಿಂತು ಕೇಳಿದ: "ವಯಲು ಯಾರ ಹೆಸ್ರಲ್ಲಿದೆ ಅವ್ವಾ?"

"ಯಾರ ಹೆಸ್ರಿಗೂ ಆಗಿಲ್ಲ. ಅರ್ಜಿಲಿ ಮೊದ್ಲು ಇರೋದು ನಿಂದು."

ಬೈರ ಕೆಸರಲ್ಲಿ ಬಗ್ಗಿದ್ದ ತಮ್ಮನ ಕಡೆ ತಿರುಗಿದ. ಚಾತಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸಸಿಯ ಕಟ್ಟನ್ನು ಬಿಚ್ಚಿ ಅರ್ಧವನ್ನು ಅಣ್ಣನ ಕಾಲ ಬಳಿ ಎಸೆದ.

"ಎಷ್ಟೊತ್ತು ನಿಂತಿರ್ತೀಯಾ? ಇಳಿ."