ಸೂಜಿಯಕ್ಕನ ಸ್ವಂತ ಮಗಳು

ನಮ್ಮ ಆರೋಗ್ಯ ಕೇಂದ್ರದ ಹಿರಿಯ ನರ್ಸಿನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಉಳಿದ ದಿನವೆಲ್ಲ ಅವರು ಸೂಜಿಯಕ್ಕ. ದಪ್ಪ ಕನ್ನಡಕ, ಗಟ್ಟಿ ಗಂಟಲು, ಬಲು ಹಗುರವಾದ ಕೈ. ಊಟಕ್ಕೆ ಹಟ ಮಾಡುವ ಮಕ್ಕಳಿಗೆ ತಾಯಂದಿರು ಅವರ ಹೆಸರು ಹೇಳಿಯೇ ತುತ್ತು ನುಂಗಿಸುತ್ತಿದ್ದರು. “ಗುಮ್ಮನ ಕೆಲಸಾನೂ ನಾನೇ ಮಾಡ್ತೀನಿ, ಅದಕ್ಕೆ ಬೇರೆ ಭತ್ಯೆ ಇಲ್ಲ” ಎಂದು ಅವರು ನಗುತ್ತಿದ್ದರು.

ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದಾಗ ಮೊದಲು ಕೇಳಿದ್ದೇ ಅವರ ಹಳೆಯ ಕಥೆ. ಲಸಿಕೆಗೆ ಕಾನೂನು ಗೀನೂನು ಇಲ್ಲದ ಕಾಲ. ಲಸಿಕೆ ಪೆಟ್ಟಿಗೆ ಕಂಡರೆ ಸಾಕು, ಬೀದಿಯ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವಂತೆ. ಆಗ ಸೂಜಿಯಕ್ಕ ಪುಟ್ಟ ಮಗಳ ಕೈಹಿಡಿದು ಬೀದಿ ತಿರುವಿನಲ್ಲಿ ನಿಂತು, “ನೋಡಿ, ನನ್ನ ಹೊಟ್ಟೇಲಿ ಹುಟ್ಟಿದ ಮಗಳಿಗೇ ಮೊದಲು” ಎಂದು ಎಲ್ಲರೆದುರು ಚುಚ್ಚುತ್ತಿದ್ದರಂತೆ. ಒಂದೊಂದೇ ಬಾಗಿಲು ತೆರೆಯುತ್ತಿತ್ತಂತೆ. ಹೊಸದಾಗಿ ಬಂದವರಿಗೆಲ್ಲ ನಾನೂ ಇದನ್ನು ಒಗ್ಗರಣೆ ಹಾಕಿ ಹೇಳುತ್ತಿದ್ದೆ. ಅಷ್ಟು ಬೀದಿಗಳಲ್ಲಿ ಒಂದೇ ಮಗುವಿಗೆ ಅಷ್ಟು ಸಲ ಲಸಿಕೆ ಹೇಗೆ ಹಾಕುತ್ತಿದ್ದರು ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಬುದ್ಧಿಗೆ ಯಾವ ಮಂಕು ಕವಿದಿತ್ತೋ!

ಈಗ ಕಾನೂನು ಬಂದಿದೆ. ಲಸಿಕೆ ಹಾಕಿಸದ ಮಗುವಿಗೆ ಶಾಲೆಯಲ್ಲಿ ಜಾಗವಿಲ್ಲ. ದಾಖಲಾತಿಯ ದಿನ ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದೆವು. ಲಸಿಕೆ ಬಿಟ್ಟುಹೋಗುವ ಕಲೆಯನ್ನು ನಾವೆಲ್ಲ ಬಗ್ಗಿ ಹುಡುಕಿದರೆ, ಸೂಜಿಯಕ್ಕ ಮಗುವಿನ ಎಡತೋಳಿನ ಮೇಲೆ ಹೆಬ್ಬೆರಳು ಆಡಿಸಿ “ಇದೆ, ನಡಿ” ಎನ್ನುತ್ತಿದ್ದರು.

ಸಾಲಿನಲ್ಲಿ ಅವರ ಮಗಳೂ ನಿಂತಿದ್ದಳು, ಜೊತೆಗೆ ಮೊಮ್ಮಗಳು. ಮಗಳು ದೂರದ ಊರಿನಲ್ಲಿದ್ದವಳು, ಗಂಡನಿಗೆ ವರ್ಗವಾಗಿ ಆಗಷ್ಟೇ ಇಲ್ಲಿ ಮನೆ ಮಾಡಿದ್ದಳು.

“ಸೂಜಿಯಕ್ಕನ ಮೊಮ್ಮಗಳನ್ನೂ ನೋಡಬೇಕಾ?” ಎಂದು ತಮಾಷೆ ಮಾಡಿದೆ.

“ನಿಯಮ ಅಂದ್ರೆ ನಿಯಮ” ಎಂದು ಅಕ್ಕ ಮಗುವಿನ ಅಂಗಿಯ ತೋಳು ಮಡಿಸಿದರು. ಹೆಬ್ಬೆರಳು ಆಡಿತು, ನಿಂತಿತು, ಮತ್ತೆ ಆಡಿತು.

“ಕೆಲವರಿಗೆ ಕಲೆ ಉಳಿಯಲ್ಲ” ಎಂದರು, ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವಂತೆ.

“ಹಾಕಿಸಿಲ್ಲ ಅಮ್ಮ” ಎಂದಳು ಮಗಳು. “ಒಂದೂ ಹಾಕಿಸಿಲ್ಲ.”

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ, ಆದರೆ ಇಂಥ ಕತ್ತಲೆಯೇ! ಅವರ ಮನೆಯಲ್ಲಿ ಲಸಿಕೆ ಆಗಿದೆಯೇ ಎಂದು ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ, ಸ್ವತಃ ಅಜ್ಜಿಗೂ ಹೊಳೆದಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ಹತ್ತಿರ ಬಂದು ಮೆಲ್ಲಗೆ, “ನಿಮ್ಮ ಮೊಮ್ಮಗಳು ತಾನೇ, ಆಗಿದೆ ಅಂದ್ಬಿಡಿ” ಎಂದರು.

“ಆಗಲೇ ಮೂರ್ನಾಲ್ಕು ಮನೆ ಮಕ್ಕಳನ್ನ ವಾಪಸ್ ಕಳಿಸಿದ್ದೀನಿ. ಇವಳನ್ನ ಯಾವ ಮುಖ ಇಟ್ಕೊಂಡು ಒಳಗೆ ಬಿಡಲಿ?” ಎಂದರು ಅಕ್ಕ. ಆಮೇಲೆ ಮಗಳ ಕಡೆ ತಿರುಗಿದರು. “ಯಾಕೆ ಹೀಗೆ ಮಾಡಿದೆ? ನನ್ನ ಮಗಳಾಗಿ?”

“ನಿನ್ನ ಮಗಳಾಗಿದ್ದಕ್ಕೇ” ಎಂದಳು. “ಒಂದೊಂದು ಬೀದೀಲೂ ನನ್ನ ನಿಲ್ಲಿಸಿ ಚುಚ್ಚಿದೆಯಲ್ಲ, ನನ್ನ ತೋಳು ನನ್ನದಾಗಿತ್ತಾ? ನನ್ನ ಮಗಳಿಗೆ ಯಾರೂ ಹಾಗೆ ಮಾಡಬಾರದು ಅಂದ್ಕೊಂಡೆ. ಈಗ ಕಾನೂನೂ ನಿನ್ನ ಹಾಗೇ ಬಂದು ನಿಂತಿದೆ.”

“ಅದು ಲಸಿಕೆ ಅಲ್ಲ ಕಣೇ, ಬರೀ ನೀರು. ನಿನಗೆ ಏನೂ ಆಗಬಾರದು ಅಂತ—”

“ಸಿರಿಂಜಲ್ಲಿ ನೀರಿತ್ತು ಅಮ್ಮ. ಚುಚ್ಚಿದ್ದು ಸೂಜಿನೇ.”

ನಾನು ಬಣ್ಣ ಕಟ್ಟಿ ಹೇಳಿಕೊಂಡು ಬಂದಿದ್ದು ಈ ಕಥೆಯನ್ನೇ? ಆ ನೀರಿನ ಸೂಜಿ ನೋಡಿ ಬಾಗಿಲು ತೆರೆದ ಎಷ್ಟೋ ಮನೆಯ ಮಕ್ಕಳು ಬದುಕಿಕೊಂಡರು ಎಂಬುದೂ ನಿಜವೇ. ಎರಡೂ ನಿಜವಾದರೆ ಏನು ಮಾಡುವುದು, ನನಗಿನ್ನೂ ತಿಳಿದಿಲ್ಲ.

ಅಕ್ಕ ಮಗುವಿನ ಅಂಗಿಯ ತೋಳನ್ನು ಕೆಳಗೆ ಇಳಿಸಿದರು. “ನನ್ನ ಮೇಲಿನ ಸಿಟ್ಟನ್ನ ಮಗುವಿನ ತಲೆಗೆ ಕಟ್ಟಬೇಡ. ದಡಾರ ಬಂದ್ರೆ ಅದು ಯಾರ ಮಗಳು ಅಂತ ಕೇಳಲ್ಲ. ಎಲ್ಲಿ, ಯಾವತ್ತು, ಯಾರ ಕೈಲಿ ಹಾಕಿಸ್ಬೇಕು, ನೀನೇ ಹೇಳು.”

ಮಗಳು ಮಗುವನ್ನು ಎತ್ತಿಕೊಂಡು ಹೊರಟುಹೋದಳು. ದಾಖಲಾತಿ ಮುಗಿಯುವ ಮುಂಚಿನ ದಿನ ಆರೋಗ್ಯ ಕೇಂದ್ರಕ್ಕೆ ಬಂದು, “ನೀವು ಹಾಕಿ” ಎಂದು ನನಗೆ ಹೇಳಿದಳು. “ಅಮ್ಮ ಹೊರಗಿರಲಿ.”

ಅಕ್ಕ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಮಗಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನೋವಾಗುತ್ತೆ ಪುಟ್ಟ. ಕಾಯಿಲೆ ಬರಬಾರದು ಅಂತ ಹಾಕಿಸ್ತೀನಿ. ನಾನು ಹಿಡ್ಕೊಂಡಿರ್ತೀನಿ. ನೀನು ಹೂಂ ಅಂದ ಮೇಲೆ ಹಾಕ್ತಾರೆ” ಎಂದಳು. ಮಗು ಸೂಜಿ ನೋಡಿತು, ನನ್ನನ್ನು ನೋಡಿತು, ಅಮ್ಮನ ಸೆರಗು ಬಾಯಿಗಿಟ್ಟುಕೊಂಡಿತು. ಬಹಳ ಹೊತ್ತು ಕಾದೆವು. ಕೊನೆಗೆ “ಹೂಂ” ಎಂದಿತು. ಚುಚ್ಚಿದ ಮೇಲೆ ಸೂರು ಹಾರಿಹೋಗುವಂತೆ ಅತ್ತಿತು.

ನಾನು ಹೊರಗೆ ಬಂದಾಗ ಅಕ್ಕ ಬಾಗಿಲ ಪಕ್ಕದ ಗೋಡೆಗೆ ಆತುಕೊಂಡು ನಿಂತಿದ್ದರು. ಎಲ್ಲವೂ ಕೇಳಿಸಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಕೇಳಿದ್ದಕ್ಕೆ ಹೂಂ ಅಂದುಬಿಟ್ಲಲ್ಲೇ” ಎಂದರು. “ನಾನು ಒಂದು ಸಲಾನೂ ಕೇಳಲಿಲ್ಲ.”