ಚಿಮಣಿ ಎಣ್ಣೆಯ ಲಾಳಿಕೆ

ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆಸಿಡ್ ತಿಂದು ಹಾಕಿತ್ತು. ಬಸವಕಲ್ಯಾಣದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅವಳ ಕೆಲಸ. ಮನೆಯಲ್ಲಿ ಯಾರಿಗೆ ನೀರು ಕೊಡುವಾಗಲೂ ಮೂಸಿಯೇ ಕೊಡುತ್ತಿದ್ದಳು. "ತಡೀ, ಮೊದಲ ನನ್ನ ಮೂಗು ಕುಡೀಲಿ," ಅನ್ನುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ರೇಷನ್ ಅಂಗಡಿಯಲ್ಲಿ ಚಿಮಣಿ ಎಣ್ಣೆ ಅಳೆಯುತ್ತಿದ್ದ ನಾನು ನಗುತ್ತಿದ್ದೆ.

ಹುಮನಾಬಾದಿನ ಕಡೆ ಕಾರಖಾನೆ ಬಂದ ಮೇಲೆ ನಮ್ಮ ಹಳ್ಳದ ನೀರು ಕುಡಿದ ಗಬ್ಬದ ಎಮ್ಮೆಗಳು ದಿನ ತುಂಬುವ ಮೊದಲೇ ಕಂದು ಹಾಕತೊಡಗಿದವು. ನೀರಿನಲ್ಲಿರುವ ರಸಾಯನ ಯಾವುದೆಂದು ಹೆಸರು ಹಿಡಿದು ಹೇಳಿಸದೆ ಬಿಡೆನೆಂದು ಅಕ್ಕ ಹಟ ತೊಟ್ಟಳು. ಕಾರಖಾನೆಯ ನಾಲೆಯ ನೀರು, ಅದು ಸೇರುವ ಹಳ್ಳದ ನೀರು, ಎರಡೂ ಒಂದೇ ಹೊತ್ತಿಗೆ ಗಾಜಿನ ಬಾಟಲಿಗಳಲ್ಲಿ ತುಂಬಿ ಪರೀಕ್ಷೆಗೆ ಹೈದರಾಬಾದಿಗೆ ಹೋಗಬೇಕಿತ್ತು. ಹಳ್ಳಕ್ಕೆ ಅವಳು ಇಳಿದಳು. ನಾಲೆ ನನ್ನ ಪಾಲಿಗೆ ಬಂತು.

"ತಮ್ಮಾ, ಬಾಟ್ಲಿ ಮುಳುಗಿಸಿನೇ ತುಂಬು. ಬ್ಯಾರೆ ಏನೂ ತಾಗಸಬ್ಯಾಡ."

ಆ ಕಪ್ಪು ನೊರೆಯಲ್ಲಿ ಕೈ ಇಡಲು ನನಗೆ ಹೇಸಿಗೆ. ಅಂಗಡಿಯಲ್ಲಿ ಎಣ್ಣೆ ಹೊಯ್ಯುವ ಲಾಳಿಕೆ ತಂದು, ಹಳ್ಳದಲ್ಲಿ ಅಲುಬಿ, ಬಾಟಲಿಯ ಬಾಯಿಗಿಟ್ಟು, ಕೋಲಿಗೆ ಕಟ್ಟಿದ ಡಬ್ಬಿಯಿಂದ ನಾಲೆಯ ನೀರು ಎತ್ತಿ ಅದರೊಳಗೆ ಹೊಯ್ದೆ. ಹಳ್ಳದಲ್ಲಿ ಬಾಟಲಿ ಮುಳುಗಿಸಿದ ಅಕ್ಕನ ಕೈಯ ಚರ್ಮ ಮಾತ್ರ ವಾರವಿಡೀ ಸುಲಿಯಿತು.

ಚಾವಡಿಯಲ್ಲಿ ಊರೆಲ್ಲ ಕೂಡಿದಾಗ ಸರಕಾರಿ ಅಧಿಕಾರಿ ಹೈದರಾಬಾದಿನಿಂದ ಬಂದ ಉತ್ತರ ಓದಿದರು. ನಾಲೆಯ ಬಾಟಲಿಯ ತುಂಬ ಚಿಮಣಿ ಎಣ್ಣೆ. ಬೇರೆ ಯಾವುದರ ಹೆಸರೂ ಹೇಳಲಾಗದು; ಹೋಲಿಸಲು ಅದಿಲ್ಲದೆ ಹಳ್ಳದ ಬಾಟಲಿಯೂ ಕೆಲಸಕ್ಕೆ ಬಾರದು. ಕಾರಖಾನೆಯ ಮ್ಯಾನೇಜರ್ ಎದ್ದು ನಿಂತು ಅಕ್ಕನನ್ನು ಕೇಳಿದರು: "ಬಾಯಿಯವ್ರ, ನಾಲ್ಯಾಗ ಕಂದೀಲ ತೊಳದ್ರೇನ್ರಿ?"

ಎಮ್ಮೆಯ ಕಂದು ಕಳೆದುಕೊಂಡವರೂ ನಕ್ಕರು. ಅಕ್ಕ ನನ್ನ ಕಡೆ ತಿರುಗಿದಳು.

"ಮುಳುಗಿಸಿನೇ ತುಂಬಿದ್ದಿ, ಹೌದಲ್ಲೋ?"

"ಹೂಂ ಅಕ್ಕಾ."

ಅವಳು ನನ್ನ ಕೈಯನ್ನೇ ನೋಡಿದಳು. ಆಮೇಲೆ ಅಧಿಕಾರಿಗೆ ಹೇಳಿದಳು: "ಬಾಟ್ಲಿ ತೊಳದಾಕಿ ನಾನ್ರಿ. ತಪ್ಪು ನಂದು."

ಅಕ್ಕನ ಕಾಲೇಜಿನ ಕೆಲಸ ಹೋಯಿತು. ಹುಡುಗರು "ಮೂಗಿನ ಡಾಕ್ಟರಣಿ" ಎಂದು ಹಿಂದೆ ಬಿದ್ದರು. ನಾಲೆ ಹರಿಯುತ್ತಲೇ ಇತ್ತು. ಮರುವರ್ಷ ಅದೇ ಕಾರಖಾನೆಯ ಗೇಟಿನಲ್ಲಿ ನಾನು ವಾಚ್‌ಮನ್ ಆದೆ. ಬುತ್ತಿ ಕಟ್ಟಿ ಕೊಡುತ್ತಿದ್ದವಳು ಅಕ್ಕ. ಆ ಬಾಟಲಿಯ ಬಗ್ಗೆ ಒಂದು ದಿನವೂ ಏನೂ ಕೇಳಲಿಲ್ಲ.

ಕೊನೆಗೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನೀರು ಬೇಡಿದಳು. ಈ ಸಲ ನಾನೇ ಮೂಸಿ ಲೋಟ ಮುಂದೆ ಹಿಡಿದೆ. ಅವಳು ಲೋಟ ಬಿಟ್ಟು ನನ್ನ ಕೈ ಹಿಡಿದಳು. ಉಗುರಿಲ್ಲದ ಬೆರಳಿನಿಂದ ನನ್ನ ಅಂಗೈ ಸವರಿದಳು.

"ಅವತ್ತ ನಿನ್ನ ಕೈ ಸುಲಿದಿರಲಿಲ್ಲಲ್ಲೋ, ತಮ್ಮಾ."

ಹೇಳಿ ಗೋಡೆಯ ಕಡೆ ಹೊರಳಿದಳು. ನೀರು ಲೋಟದಲ್ಲೇ ಉಳಿಯಿತು.