ಆಪರೇಟರಮ್ಮ ಕೇಳಿ ಪಡೆದ ಪಾಸ್‌ವರ್ಡ್

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಆಪರೇಟರಮ್ಮ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ, ಕಿಟಕಿಯಿಲ್ಲದ ಟೆಲಿಫೋನ್ ಕೋಣೆಯಲ್ಲಿ ಕೂತೇ ಆಕೆಯ ತಲೆಗೂದಲು ನೆರೆತಿತ್ತು. ಯಾವ ಡಾಕ್ಟರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ, ಯಾವ ವಾರ್ಡಿನವರು ಫೋನು ಎತ್ತುವುದೇ ಇಲ್ಲ, ಎಲ್ಲ ಬಾಯಿಪಾಠ. ಗಾಬರಿಯಲ್ಲಿ ಕರೆ ಮಾಡಿದವರಿಗೆ "ಒಂದ್ನಿಮಿಷ ಇರಿ, ಕೊಡ್ತೀನಿ" ಎಂದು ಆಕೆ ಹೇಳಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತಿತ್ತು. ಒಂದು ದಿನ ಆ ಕೋಣೆಗೆ ಯಂತ್ರ ಬಂತು. ವಾರ್ಡಿಗೆ ಒಂದು ಒತ್ತಿ, ಔಷಧಿಗೆ ಎರಡು ಒತ್ತಿ ಎಂದು ಅದು ಶುರುಮಾಡಿದ ಮೇಲೆ ಆಕೆಗೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ.

ಕೆಲಸ ಕಳೆದುಕೊಂಡವರಿಗೆಂದು ಆಸ್ಪತ್ರೆಯವರು ಒಂದೆರಡು ತರಬೇತಿ ಗೊತ್ತುಮಾಡಿದ್ದರು. ಹೊಲಿಗೆ ಆಕೆಗೆ ಆಗಿಬರುತ್ತಿರಲಿಲ್ಲ. ಉಳಿದದ್ದು ನೆಟ್‌ವರ್ಕ್ ಭದ್ರತೆ. ತಂತಿಗೆ ಸಂಬಂಧಪಟ್ಟದ್ದಿರಬೇಕು, ತಂತಿ ತನಗೆ ಹೊಸದಲ್ಲವಲ್ಲ ಎಂದುಕೊಂಡು ಹೆಸರು ಕೊಟ್ಟಳು. ಅಲ್ಲಿ ಏನು ಕಲಿಸುತ್ತಾರೆಂದು ಮೊದಲ ದಿನವೇ ಗೊತ್ತಾಗಿ, ಮನೆಗೆ ಬಂದು ಗಂಡನಿಗೆ ಹೇಳಿದಳು. ಬೇಕರಿಯ ಒಲೆ ಮುಂದೆ ದುಡಿಯುವ ಆತ ಮೊಳಕೈ ತನಕ ಅಂಟಿದ್ದ ಹಿಟ್ಟನ್ನು ತೊಳೆಯುತ್ತಿದ್ದ.

"ಅಲ್ವೇ, ಬೇರೆಯವರ ಕಂಪ್ಯೂಟರಿಗೆ ನುಗ್ಗೋದನ್ನ ಕಲಿಸ್ತಾರಾ? ಇಷ್ಟು ವರ್ಷ ಮರ್ಯಾದೆಯಾಗಿ ಬಾಳಿದ್ದು ಸಾಕಾಯ್ತಾ ನಿಂಗೆ?"

"ಹೇಳಿ ಕೇಳಿ ನುಗ್ಗೋದು ರೀ. ಕಂಪನಿಯವರೇ ಕರೆದು, ಎಲ್ಲಿ ತೂತಿದೆ ನೋಡಿಕೊಡಿ ಅಂತಾರೆ."

"ಹಂಗಾದ್ರೆ ಅದು ಕಳ್ಳತನ ಅಲ್ಲ ಬಿಡು, ನಲ್ಲಿ ರಿಪೇರಿ," ಎಂದು ಆತ ಕೈ ಒರೆಸಿಕೊಂಡ.

ತರಗತಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಕಲಿಸುವ ಮೇಡಂ ವಯಸ್ಸಿನಲ್ಲಿ ಆಕೆಗಿಂತ ತೀರಾ ಚಿಕ್ಕವಳು. ಗದರುತ್ತಿರಲಿಲ್ಲ, ಆದರೆ ಒಂದು ವಿಷಯದಲ್ಲಿ ಮಾತ್ರ ಕಲ್ಲಿನಂತಿದ್ದಳು. "ಬರವಣಿಗೆಯಲ್ಲಿ ಒಪ್ಪಿಗೆ ಇಲ್ಲದೆ ಯಾರ ಬಾಗಿಲನ್ನೂ ಮುಟ್ಟಬಾರದು. ತೆರೆದಿದ್ರೂ ಮುಟ್ಟಬಾರದು," ಎನ್ನುತ್ತಿದ್ದಳು. ಅಭ್ಯಾಸಕ್ಕೆಂದು ಆ ಕೋಣೆಯೊಳಗೇ ಹಳೆಯ ಕಂಪ್ಯೂಟರುಗಳ ಪುಟ್ಟ ಜಾಲವೊಂದನ್ನು ಹೆಣೆದಿದ್ದರು. ಮುರಿಯುವುದೂ ಅಲ್ಲೇ, ಕಟ್ಟುವುದೂ ಅಲ್ಲೇ.

ಮುರಿಯುವುದಿರಲಿ, ಆಪರೇಟರಮ್ಮನಿಗೆ ಒಳಗೆ ಕಾಲಿಡುವುದೇ ಸಾಹಸವಾಯಿತು. ಟೈಪು ಮಾಡಿದ ಆಜ್ಞೆಯಲ್ಲಿ ಒಂದು ಚುಕ್ಕೆ ತಪ್ಪಿದರೂ ಪರದೆ ಮುಖ ತಿರುಗಿಸಿಕೊಳ್ಳುತ್ತಿತ್ತು. ಉಳಿದವರು ಮುಗಿಸಿ ಕೈಕಟ್ಟಿ ಕೂತಾಗ ಆಕೆ ಇನ್ನೂ ಮೊದಲ ಸಾಲಿನಲ್ಲೇ ಇರುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಳು. ಅಂದು ಮೆಟ್ಟಿಲಿಳಿಯುವಾಗ ನಾಳೆಯಿಂದ ಬರುವುದು ಬೇಡ ಎಂದು ನಿಶ್ಚಯಿಸಿಯೂ ಆಗಿತ್ತು. ಬೆಳಗಾದ ಮೇಲೆ ಮನೆಯಲ್ಲಿ ಕೂತು ಏನು ಮಾಡುವುದೆಂದು ತೋಚದೆ ಮತ್ತೆ ಹೋದಳು.

ಆ ಹೊತ್ತಿಗೆ ನೀರಿನ ಪಂಪು ತಯಾರಿಸುವ ಕಂಪನಿಯೊಂದು ತನ್ನ ಭದ್ರತೆ ಪರೀಕ್ಷಿಸಿಕೊಡಲು ಮೇಡಮ್ಮನನ್ನು ಕೇಳಿತು. ತರಗತಿಯವರೆಲ್ಲ ಸೇರಿ ಹೊರಗಿನಿಂದ ತಡಕಾಡಿದರು. ಎಲ್ಲ ಬಿಗಿಯಾಗಿತ್ತು, ಒಂದು ಸಣ್ಣ ಸಂದೂ ಸಿಗಲಿಲ್ಲ. ಒಪ್ಪಿಗೆ ಪತ್ರದಲ್ಲಿ, ಕೆಲಸದವರು ಮೋಸದ ಕರೆಗೆ ಗುಟ್ಟು ಬಿಟ್ಟುಕೊಡುತ್ತಾರೋ ಎಂದು ಫೋನು ಮಾಡಿ ನೋಡುವುದಕ್ಕೂ ಅವಕಾಶವಿತ್ತು. ಮೇಡಂ ಸುತ್ತ ನೋಡಿದಳು.

"ಅಕ್ಕಾ, ನೀವು ಮಾತಾಡ್ತೀರಾ?"

ಆಪರೇಟರಮ್ಮ ಫೋನು ಕೈಗೆತ್ತಿಕೊಂಡಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಆ ಕಡೆ ಸ್ವಾಗತದ ಮೇಜಿನ ಹುಡುಗಿ. ತಾನು ಕಂಪ್ಯೂಟರ್ ವಿಭಾಗದವಳು, ಎಲ್ಲರ ಮೇಲ್ ಹೊಸ ಕಂಪ್ಯೂಟರಿಗೆ ಹೋಗುತ್ತಿದೆ, ನಿಮ್ಮದೊಂದೇ ಬಾಕಿ, ಪಾಸ್‌ವರ್ಡ್ ಬೇಕಿತ್ತು ಎಂದು ಆಪರೇಟರಮ್ಮ ಶುರುಮಾಡಿದಳು. ಹುಡುಗಿಯ ಹಿಂದೆ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. "ನೀವು ಅದನ್ನ ಎತ್ತಿ, ನಾನು ಕಾಯ್ತೀನಿ," ಎಂದಳು ಆಪರೇಟರಮ್ಮ. ಹುಡುಗಿ ಮರಳಿ ಬಂದಾಗ ದನಿ ಮೆತ್ತಗಾಗಿತ್ತು. "ಇಷ್ಟು ತಾಳ್ಮೆಯಿಂದ ಯಾರೂ ಮಾತಾಡಲ್ಲ ಮೇಡಂ," ಎಂದು ಹೇಳಿ, ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದಳು.

ತರಗತಿಯವರು ಚಪ್ಪಾಳೆ ತಟ್ಟಿದರು. ಆಕೆಗೆ ಮಾತ್ರ ಅದು ಗೆಲುವೆನಿಸಲಿಲ್ಲ. ಆ ಹುಡುಗಿಯದು ದಡ್ಡತನವಲ್ಲ, ಉಪಕಾರ ಬುದ್ಧಿ. ಆಸ್ಪತ್ರೆಯ ಕೋಣೆಯಲ್ಲಿ ತಾನೂ ಹಾಗೇ ಇದ್ದವಳು. ಮನೆಗೆ ಬಂದು ಹೇಳಿದಾಗ ಗಂಡ ನಗಲಿಲ್ಲ. "ಆ ಮಗು ಕೆಲಸಕ್ಕೆ ಕುತ್ತು ಬರುತ್ತೇನೇ?" ಎಂದು ಕೇಳಿದ. ಆಕೆಗೆ ಆ ರಾತ್ರಿ ಊಟ ಸೇರಲಿಲ್ಲ.

ವರದಿ ಒಪ್ಪಿಸುವ ದಿನ ಮೇಡಂ ಜೊತೆ ಆಕೆಯೂ ಪಂಪು ಕಂಪನಿಗೆ ಹೋದಳು. ಮ್ಯಾನೇಜರು ಹಾಳೆ ಮಗುಚಿ ಕೇಳಿದ್ದೇ ಅದನ್ನು: "ಯಾರು ಕೊಟ್ಟಿದ್ದು?"

ಮೇಡಂ ಬಾಯಿ ತೆರೆಯುವ ಮೊದಲೇ ಆಪರೇಟರಮ್ಮ, "ಸರ್, ಕೇಳಿದವಳು ನಾನು. ಹೆಸರು ಮಾತ್ರ ಹೇಳಲ್ಲ," ಎಂದಳು.

"ನಾನೇ ಪತ್ತೆ ಮಾಡಬಹುದಲ್ಲ."

"ಮಾಡಬಹುದು. ಅವರನ್ನ ತೆಗೆದುಹಾಕಿದ್ರೆ ಆ ಕುರ್ಚಿಗೆ ಬರೋ ಹೊಸಬರೂ ಕೊಡ್ತಾರೆ. ನಾನು ಆ ಜಾಗದಲ್ಲಿದ್ದಿದ್ರೂ ಕೊಡ್ತಿದ್ದೆ. ಹೇಗೆ ಕೊಡದೆ ಇರಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ."

ಮ್ಯಾನೇಜರು ಮೇಡಮ್ಮನ ಮುಖ ನೋಡಿದರು. ಮೇಡಮ್ಮನೂ, "ಹೆಸರು ವರದೀಲಿ ಬರಲ್ಲ ಸರ್, ನಮ್ಮ ಪದ್ಧತಿ," ಎಂದಳು. ಅಂಥ ಪದ್ಧತಿ ಅದುವರೆಗೆ ಇತ್ತೋ ಇಲ್ಲವೋ ಆಪರೇಟರಮ್ಮನಿಗೆ ಗೊತ್ತಿರಲಿಲ್ಲ.

ಫೋನು ಹಿಡಿಯುವವರಿಗೆಲ್ಲ ಪಾಠ ಹೇಳಿಕೊಡುವುದೆಂದು ತೀರ್ಮಾನವಾಯಿತು. ಅದಕ್ಕೂ ಮುಂಚೆ ಆಕೆ ಸ್ವಾಗತದ ಮೇಜಿನ ಬಳಿ ಒಬ್ಬಳೇ ಹೋದಳು. ದನಿ ಕೇಳುತ್ತಲೇ ಹುಡುಗಿಯ ಮುಖ ಕೆಂಪಾಯಿತು.

"ನೀವಾ? ಎಷ್ಟು ಒಳ್ಳೆಯವರು ಅಂದ್ಕೊಂಡಿದ್ದೆ."

"ಸುಳ್ಳು ಹೇಳಿದ್ದು ನಾನು ಕಣಮ್ಮ. ಬೈಬೇಕು ಅನ್ನಿಸಿದ್ರೆ ಬೈದುಬಿಡು."

ಹುಡುಗಿ ಬೈಯಲಿಲ್ಲ. ಫೋನು ಬಂತು, ಎತ್ತಿದಳು, ವರ್ಗಾಯಿಸಿದಳು. ಆಪರೇಟರಮ್ಮ ನಿಂತೇ ಇದ್ದಳು. ಕೊನೆಗೆ ಹುಡುಗಿಯೇ ಕೇಳಿದಳು: "ಅಲ್ಲಕ್ಕಾ, ಕೊಡಲ್ಲ ಅನ್ನೋದು ಸುಲಭ. ನಿಜವಾಗ್ಲೂ ಮೇಲಿನವರೇ ಫೋನ್ ಮಾಡಿದ್ರೆ? ನನ್ನನ್ನೇ ಅನುಮಾನಿಸ್ತೀಯಾ ಅಂತ ಉಗೀತಾರಲ್ಲ."

ಇದು ಪುಸ್ತಕದಲ್ಲಿರಲಿಲ್ಲ. ಆಕೆ ನೇರ ಮ್ಯಾನೇಜರ ಕೋಣೆಗೆ ಹೋಗಿ ಅದನ್ನೇ ಕೇಳಿ, ತಾನೇ ಒಂದು ನಿಯಮವನ್ನೂ ಮುಂದಿಟ್ಟಳು. ಫೋನಿನಲ್ಲಿ ಪಾಸ್‌ವರ್ಡನ್ನೋ ಫೈಲನ್ನೋ ಯಾರೇ ಕೇಳಲಿ, ಫೋನು ಇಟ್ಟು, ತಮಗೆ ಗೊತ್ತಿರುವ ನಂಬರಿಗೆ ತಾವೇ ತಿರುಗಿ ಫೋನು ಮಾಡಬೇಕು. ಹಾಗೆ ಮಾಡಿದವರ ಮೇಲೆ ಯಾರೂ ರೇಗಕೂಡದು. ಮ್ಯಾನೇಜರು ತಡವರಿಸಿ ಒಪ್ಪಿದರು, ಎಲ್ಲರೆದುರು ಹೇಳಿದರು ಕೂಡ.

ಮುಂದಿನ ತಿಂಗಳು ಆ ಮ್ಯಾನೇಜರೇ ಪ್ರವಾಸದಲ್ಲಿದ್ದಾಗ ಬೇರೆ ಯಾರದೋ ಫೋನಿನಿಂದ ಅವಸರವಾಗಿ ಒಂದು ಫೈಲು ಕೇಳಿದರಂತೆ. ಹುಡುಗಿ ವಿನಯವಾಗಿ, "ಸರ್, ಇಡ್ತೀನಿ, ನಿಮ್ಮ ನಂಬರಿಗೇ ಮಾಡ್ತೀನಿ," ಎಂದು ಇಟ್ಟೇಬಿಟ್ಟಳಂತೆ. ಅವರ ಫೋನು ಸತ್ತು ಬಿದ್ದಿತ್ತು. ಚಾರ್ಜ್ ಆಗುವ ತನಕ ಮ್ಯಾನೇಜರು ಹಲ್ಲು ಕಡಿದರು. ಆಮೇಲೆ ತಾವೇ ಈ ಕಥೆಯನ್ನು ಬೇರೆ ಕಂಪನಿಯ ಗೆಳೆಯರಿಗೆಲ್ಲ ಹೇಳಿಕೊಂಡು ಬಂದರು.

ಹಾಗೆ ಆಪರೇಟರಮ್ಮನಿಗೆ ಕರೆಗಳು ಬರತೊಡಗಿದವು: ನಮ್ಮಲ್ಲೂ ಬಂದು ಪಾಠ ಮಾಡಿ ಎಂದು. ಮೇಡಂ ಆಕೆಯನ್ನು ತನ್ನ ಬಳಿಯೇ ಕೆಲಸಕ್ಕೆ ಇಟ್ಟುಕೊಂಡಳು. ಡುಮ್ಕಿ ಹೊಡೆದಿದ್ದ ಪರೀಕ್ಷೆಯನ್ನು ಆಕೆ ಮತ್ತೆ ಬರೆದಳು. ಗಡಿ ದಾಟುವಷ್ಟೇ ಅಂಕ ಬಂತು. ಗಂಡ ಬೇಕರಿಯಲ್ಲಿ ಎಲ್ಲರಿಗೂ ಹೇಳಿಕೊಂಡ, ಅಂಕ ಎಷ್ಟೆಂದು ಮಾತ್ರ ಹೇಳಲಿಲ್ಲ. ಈಗ ಆಕೆ ಮುಂದಿನ ಭಾಗ ಓದುತ್ತಿದ್ದಾಳೆ. ಚುಕ್ಕೆಗಳು ಇನ್ನೂ ತಪ್ಪುತ್ತವೆ, ಆದರೆ ಎಲ್ಲಿ ತಪ್ಪಿತೆಂದು ಈಗ ಆಕೆಗೇ ಗೊತ್ತಾಗುತ್ತದೆ.